ಕಾಬೂಲಿನ ಪಟ್ಟ, ಲೆಕ್ಕಕ್ಕೆ ಸಿಗದ ಜನ

ಮುಂಬಯಿಯ ಕೊಲಾಬಾ ಕಡೆಗೆ ಬೆಸ್ಟ್ ಬಸ್ಸಿನಲ್ಲಿ ಹೋದವರಿಗೆ ‘ಅಫಘಾನ್ ಚರ್ಚ್’ ಎಂಬ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ಊರಿಂದ ಬಂದ ನೆಂಟರನ್ನು ಗೇಟ್‌ವೇ, ತಾಜ್ ಎಲ್ಲ ತೋರಿಸಿ ಆ ಕಡೆ ಕರೆದೊಯ್ದಾಗ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಒಂದೇ: “ಅಲ್ರೀ, ಅಫಘಾನಿಸ್ತಾನಕ್ಕೂ ಚರ್ಚಿಗೂ ಏನ್ರೀ ಸಂಬಂಧ?” ಸಂಬಂಧ ಇದೆ. ಮೊದಲನೆಯ ಅಫಘಾನ್ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಚರ್ಚು ಅದು. 1847ರಲ್ಲಿ ಅಡಿಗಲ್ಲು ಬಿದ್ದು 1858ರಲ್ಲಿ ಪ್ರತಿಷ್ಠೆಯಾಯಿತು. ಅದರ ಎತ್ತರದ ಮೊನೆಗೋಪುರ ಒಂದು ಕಾಲಕ್ಕೆ ಬಂದರಿಗೆ ಬರುವ ಹಡಗುಗಳಿಗೆ ಗುರುತಾಗಿತ್ತು. ಒಳಗೆ ಗೋಡೆಯ ಮೇಲೆ ಸತ್ತ ಅಧಿಕಾರಿಗಳ ಹೆಸರುಗಳಿವೆ. ಅಲ್ಲಿಯ ಒಂದು ಶಾಸನ ಇನ್ನೂ ಒಂದು ಮಾತು ಹೇಳುತ್ತದೆ: ಕೆಳದರ್ಜೆಯ ಸೈನಿಕರೂ ಸತ್ತರು, ಆದರೆ ಅವರ ಸಂಖ್ಯೆ ಹೆಸರು ಬರೆಯಲಾರದಷ್ಟು ದೊಡ್ಡದು!

ಶಾಸನ ಬರೆಸಿದವರು ಪ್ರಾಮಾಣಿಕರು ಅಂತಲೇ ನನಗನ್ನಿಸುತ್ತದೆ. ಗೋಡೆಯಲ್ಲಿ ಜಾಗ ಇಲ್ಲ ಎಂದು ಒಪ್ಪಿಕೊಂಡರಲ್ಲ, ಅಷ್ಟಾದರೂ ಸರಿ. ಆದರೆ ಸೈನಿಕರ ಹಿಂದೆ ನಡೆದುಹೋದ ನೀರು ಹೊರುವವರು, ಅಡಿಗೆಯವರು, ಅಗಸರು, ಕುದುರೆಗೆ ಹುಲ್ಲು ಕೊಯ್ಯುವವರು, ಡೋಲಿ ಹೊರುವವರು, ಒಂಟೆ ನಡೆಸುವವರು... ಇವರ ಮಾತು ಆ ಶಾಸನದಲ್ಲೂ ಇಲ್ಲ. ಆ ಯುದ್ಧದಲ್ಲಿ ಎಲ್ಲರಿಗಿಂತ ಹೆಚ್ಚು ಸತ್ತವರು ಅವರೇ. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಯುದ್ಧ ಯಾಕಾಯಿತು ಅನ್ನುವುದನ್ನು ನೋಡೋಣ. ಕಾಬೂಲಿನಲ್ಲಿ ಆಗ ದೋಸ್ತ್ ಮಹಮ್ಮದ್ ಖಾನ್ ಆಳುತ್ತಿದ್ದ. ಅವನಿಗೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸ್ನೇಹ ಬೇಕಿತ್ತು. ಪೇಶಾವರವನ್ನು ಪಂಜಾಬಿನ ರಣಜಿತ್ ಸಿಂಗ್ ವಶಪಡಿಸಿಕೊಂಡಿದ್ದ, ಅದನ್ನು ಮರಳಿ ಕೊಡಿಸಿ ಎಂಬುದೇ ಅವನ ಬೇಡಿಕೆ. ಕಾಬೂಲಿಗೆ ಹೋಗಿದ್ದ ಕಂಪನಿಯ ರಾಯಭಾರಿ ಅಲೆಗ್ಸಾಂಡರ್ ಬರ್ನ್ಸ್ ಕೂಡ, ಈತನೊಂದಿಗೇ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು ಎಂದು ಬರೆದ. ಗವರ್ನರ್ ಜನರಲ್ ಆಕ್ಲೆಂಡ್‌ಗೆ ಅದು ರುಚಿಸಲಿಲ್ಲ. ರಣಜಿತ್ ಸಿಂಗನನ್ನು ಎದುರು ಹಾಕಿಕೊಳ್ಳಲು ಕಂಪನಿಗೆ ಮನಸ್ಸಿರಲಿಲ್ಲ. ರಷ್ಯಾದವರು ಇಂದೋ ನಾಳೆಯೋ ಕಾಬೂಲಿಗೆ ಬಂದುಬಿಡುತ್ತಾರೆ ಎಂಬ ಭಯ ಬೇರೆ. ಆಗ ಕಣ್ಣಿಗೆ ಬಿದ್ದವನು ಶಾ ಶುಜಾ. 1809ರಲ್ಲಿ ಪಟ್ಟ ಕಳೆದುಕೊಂಡು, ಲೂಧಿಯಾನದಲ್ಲಿ ಕಂಪನಿಯ ಪಿಂಚಣಿಯ ಮೇಲೆ ದಿನ ತಳ್ಳುತ್ತಿದ್ದ ಮಾಜಿ ದೊರೆ. ‘ದೋಸ್ತ್ ಮಹಮ್ಮದನನ್ನು ಇಳಿಸಿ ಶಾ ಶುಜಾನನ್ನು ಕೂರಿಸಿದರೆ ಆಯಿತು, ಅಫಘಾನರು ಸ್ವಾಗತಿಸುತ್ತಾರೆ, ಅವನು ಭದ್ರವಾಗಿ ಕೂತೊಡನೆ ನಾವು ವಾಪಸು’ – 1838ರ ಅಕ್ಟೋಬರ್ 1ರಂದು ಸಿಮ್ಲಾದಿಂದ ಹೊರಟ ಘೋಷಣೆಯ ಸಾರಾಂಶ ಇಷ್ಟೇ. ಓದಿದರೆ ಎಲ್ಲೋ ಇತ್ತೀಚೆಗೆ ಕೇಳಿದ ಹಾಗಿದೆ, ಅಲ್ಲವೇ?

ತಮಾಷೆಯೆಂದರೆ, ಯುದ್ಧಕ್ಕೆ ಕೊಟ್ಟ ಮುಖ್ಯ ನೆಪ ಪರ್ಷಿಯಾದವರು ಹೆರಾತ್ ನಗರಕ್ಕೆ ಹಾಕಿದ್ದ ಮುತ್ತಿಗೆ. ಸೈನ್ಯ ಹೊರಡುವ ಮೊದಲೇ, ಅಂದರೆ 1838ರ ಸೆಪ್ಟೆಂಬರಿನಲ್ಲೇ, ಪರ್ಷಿಯಾದವರು ಮುತ್ತಿಗೆ ಬಿಟ್ಟು ಮನೆಗೆ ಹೋಗಿದ್ದರು. ನೆಪ ಹೋದರೂ ಯುದ್ಧ ನಿಲ್ಲಲಿಲ್ಲ. ಇನ್ನೂ ಒಂದು ಸಂಗತಿಯಿದೆ. ಬರ್ನ್ಸ್ ಬರೆದ ವರದಿಗಳನ್ನು 1839ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಇಟ್ಟಾಗ, ದೋಸ್ತ್ ಮಹಮ್ಮದನ ಪರವಾಗಿದ್ದ ಭಾಗಗಳಿಗೆ ಕತ್ತರಿ ಬಿದ್ದಿತ್ತು. ಯುದ್ಧ ಬೇಕು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕಂತೆ ಕಾಗದಪತ್ರ ಹೊಂದಿಸುವ ಕೆಲಸ ಹೊಸದೇನಲ್ಲ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಕುತೂಹಲದ ಎಳೆ ಇದೆ. ಶಾ ಶುಜಾನ ಅಣ್ಣ ಜಮಾನ್ ಶಾ ಕಾಬೂಲನ್ನು ಆಳುತ್ತಿದ್ದಾಗ, ಕಂಪನಿಯ ವಿರುದ್ಧ ಉತ್ತರದಿಂದ ದಂಡೆತ್ತಿ ಬಾ ಎಂದು ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಅವನಿಗೆ ರಾಯಭಾರ ಕಳಿಸಿದ್ದ. ಜಮಾನ್ ಶಾ ಲಾಹೋರಿನವರೆಗೆ ಬಂದೂ ಇದ್ದ. ಕಂಪನಿಯವರಿಗೆ ಆಗ ಹತ್ತಿದ ನಡುಕ ಮುಂದೆ ಎಷ್ಟೋ ವರ್ಷ ಇಳಿಯಲಿಲ್ಲ. ಆಮೇಲೆ ದಾಯಾದಿ ಜಗಳದಲ್ಲಿ ಜಮಾನ್ ಶಾನ ಕಣ್ಣು ಕೀಳಿಸಿದರು. ಆ ಕುರುಡ ದೊರೆಯೂ ಲೂಧಿಯಾನದಲ್ಲಿ ತಮ್ಮನ ಜೊತೆ ಅದೇ ಕಂಪನಿಯ ಅನ್ನ ಉಣ್ಣುತ್ತಿದ್ದ. ಕಾಲದ ಆಟ!

ಎರಡನೆಯ ಎಳೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿಗೆ ಇವನದೇ ಹೆಸರು. (ಈಗ ಪ್ರಭಾದೇವಿ ಎಂದು ಕರೆಯುವ ಆ ಹಳೆಯ ರೈಲ್ವೆ ಸ್ಟೇಷನ್ನಿನ ಹೆಸರು ಮಾತ್ರ ಬೇರೊಬ್ಬ ಎಲ್ಫಿನ್‌ಸ್ಟನ್ನನದು.) ಕಿತ್ತೂರಿನ ದತ್ತಕವನ್ನು ಒಪ್ಪದೆ 1824ರಲ್ಲಿ ರಾಣಿ ಚೆನ್ನಮ್ಮನ ಮೇಲೆ ದಂಡು ಕಳಿಸಿದಾಗ ಮುಂಬಯಿಯ ಗವರ್ನರ್ ಆಗಿದ್ದವನೂ ಇವನೇ. ಇವನು 1809ರಲ್ಲಿ ಪೇಶಾವರಕ್ಕೆ ಹೋಗಿ, ಪಟ್ಟದಲ್ಲಿದ್ದ ಶಾ ಶುಜಾನನ್ನು ಕಣ್ಣಾರೆ ಕಂಡು ಬಂದವನು. ಅಫಘಾನರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದವನು. ಯುದ್ಧದ ಸುದ್ದಿ ಕೇಳಿ ಅವನು ಬರ್ನ್ಸ್‌ಗೆ ಒಂದು ಪತ್ರ ಬರೆದ. ಇಪ್ಪತ್ತೇಳು ಸಾವಿರ ಜನರನ್ನು ಬೋಲಾನ್ ಕಣಿವೆ ಹತ್ತಿಸಿ, ಅವರಿಗೆ ಅನ್ನ ಒದಗಿಸಬಲ್ಲಿರಾದರೆ ಕಂದಹಾರ್, ಕಾಬೂಲ್ ಎರಡನ್ನೂ ಗೆಲ್ಲುತ್ತೀರಿ, ಶುಜಾನನ್ನು ಕೂರಿಸಲೂಬಹುದು. ಆದರೆ ಆ ಬಡ, ಚಳಿಯ, ದುರ್ಗಮ ನಾಡಿನಲ್ಲಿ ಅವನನ್ನು ಪಟ್ಟದ ಮೇಲೆ ಉಳಿಸುವುದು ಆಗದ ಮಾತು ಎಂಬುದು ಅದರ ತಾತ್ಪರ್ಯ. ಕಿತ್ತೂರಿನ ವಿಷಯದಲ್ಲಿ ಅವನ ಮೇಲೆ ನಮಗೆ ಸಿಟ್ಟಿರಬಹುದು. ಕಾಬೂಲಿನ ವಿಷಯದಲ್ಲಿ ಅವನು ಹೇಳಿದ್ದು ಅಕ್ಷರಶಃ ನಡೆಯಿತು.

ಸೈನ್ಯ ಎರಡು ದಾರಿಯಲ್ಲಿ ಹೊರಟಿತು. ಬಂಗಾಳ ಸೇನೆಯ ಸುಮಾರು 9,500 ಜನ ಪಂಜಾಬಿನ ಫಿರೋಜ್‌ಪುರದಿಂದ, ಮುಂಬಯಿ ಸೇನೆಯ ಸುಮಾರು 5,600 ಜನ ಸಮುದ್ರದ ಮೇಲೆ ಸಿಂಧ್‌ಗೆ, ಜೊತೆಗೆ ಶಾ ಶುಜಾನ ಹೆಸರಿನಲ್ಲಿ ಕೂಡಿಸಿದ ಆರು ಸಾವಿರದಷ್ಟು ಕೂಲಿ ಸೈನಿಕರು. 1839ರ ಫೆಬ್ರವರಿಯಲ್ಲಿ ಕರಾಚಿಯ ಕೋಟೆಯ ಮೇಲೆ ಗುಂಡು ಹಾರಿಸಿದ ‘ವೆಲ್ಲೆಸ್ಲಿ’ ಎಂಬ ಹಡಗು ಮುಂಬಯಿಯ ಗೋದಿಯಲ್ಲೇ ಕಟ್ಟಿದ್ದು, ತೇಗದ ಮರದ್ದು. ಆ ಹೆಸರನ್ನು ಶ್ರೀರಂಗಪಟ್ಟಣದವರಿಗೆ ಪರಿಚಯ ಮಾಡಿಕೊಡಬೇಕಿಲ್ಲ.

ಸೈನಿಕರು ಇಪ್ಪತ್ತು ಸಾವಿರದ ಆಸುಪಾಸು. ಅವರ ಹಿಂದೆ ಹೊರಟ ಹಿಂಬಾಲಕರು ಮೂವತ್ತೆಂಟು ಸಾವಿರ! ಮೂವತ್ತು ಸಾವಿರ ಒಂಟೆ. ಒಬ್ಬ ಬ್ರಿಗೇಡಿಯರನ ಸಾಮಾನಿಗೇ ಅರವತ್ತು ಒಂಟೆ ಬೇಕಾದವು. ಒಂದು ರೆಜಿಮೆಂಟಿನ ಅಧಿಕಾರಿಗಳ ಚುಟ್ಟಾ ಹೊರಲು ಎರಡು ಒಂಟೆ. ಬೇಟೆನಾಯಿಗಳ ಹಿಂಡು ಬೇರೆ. ಮದುವೆ ದಿಬ್ಬಣ ಹೊರಟ ಹಾಗೆ ಹೊರಟರು. ಬೋಲಾನ್ ಕಣಿವೆ ದಾಟಿ ಕ್ವೆಟ್ಟಾ ಮುಟ್ಟುವಷ್ಟರಲ್ಲಿ ಒಂಟೆಗಳು ಸಾವಿರಗಟ್ಟಲೆ ಸತ್ತು, ಧಾನ್ಯ ತೀರುತ್ತ ಬಂತು. ಆಗ ಸಿಪಾಯಿಗಳ ರೇಷನ್ ಅರ್ಧಕ್ಕೆ ಇಳಿಯಿತು. ಹಿಂಬಾಲಕರದ್ದು ಕಾಲು ಭಾಗಕ್ಕೆ. ಕುರಿಯ ಚರ್ಮ ಹುರಿದು, ಗೆಡ್ಡೆಗೆಣಸು ಅಗೆದು ತಿಂದರಂತೆ. ಇನ್ನೂ ಒಂದು ಯುದ್ಧವೂ ನಡೆದಿರಲಿಲ್ಲ ಎಂಬುದನ್ನು ಗಮನಿಸಿ. ಯಾರ ಜೀವಕ್ಕೆ ಎಷ್ಟು ಬೆಲೆ ಅನ್ನುವುದು ಆ ಅರ್ಧ ಮತ್ತು ಕಾಲಿನಲ್ಲೇ ನಿಗದಿಯಾಗಿಬಿಟ್ಟಿತ್ತು.

ದಾರಿಯಲ್ಲಿ ಕಲಾತ್ ಎಂಬ ಸಂಸ್ಥಾನದ ದೊರೆ ಮೆಹ್ರಾಬ್ ಖಾನ್ ಬರ್ನ್ಸ್‌ಗೆ ಒಂದು ಮಾತು ಕೇಳಿದ್ದನಂತೆ: ಸೈನ್ಯವನ್ನೇನೋ ಒಳಗೆ ತಂದಿರಿ, ಹೊರಗೆ ಹೇಗೆ ಕರೆದೊಯ್ಯುತ್ತೀರಿ? ಸಹಾಯ ಸಾಲಲಿಲ್ಲ ಎಂಬ ಸಿಟ್ಟಿಗೆ, 1839ರ ನವೆಂಬರಿನಲ್ಲಿ ಮುಂಬಯಿ ಸೇನೆ ಊರಿಗೆ ಮರಳುವ ದಾರಿಯಲ್ಲಿ ಕಲಾತ್ ಮೇಲೆ ಬಿತ್ತು. ಮೆಹ್ರಾಬ್ ಖಾನ್ ಕತ್ತಿ ಹಿಡಿದೇ ಸತ್ತ. ಅಲ್ಲೂ ಕಂಪನಿ ತನಗೆ ಬೇಕಾದವನನ್ನು ಗಾದಿಯ ಮೇಲೆ ಕೂರಿಸಿತು. ಅವನು ಒಂದು ವರ್ಷವೂ ನಿಲ್ಲಲಿಲ್ಲ. ಸತ್ತವನ ಮಗ ಬಂದು ಗಾದಿ ಕಿತ್ತುಕೊಂಡ.

ಅದಕ್ಕೆ ಮೊದಲೇ, 1839ರ ಜುಲೈ 23ರಂದು ಘಜ್ನಿಯ ಕೋಟೆ ಬಿದ್ದಿತ್ತು. ಕಂಪನಿಯ ಕಡೆ ಸತ್ತವರು ಹದಿನೇಳು ಜನ. ಅಫಘಾನರ ಕಡೆ ಐದುನೂರಕ್ಕೂ ಹೆಚ್ಚು. ಒಂದು ಕಡೆಯದು ಲೆಕ್ಕ, ಇನ್ನೊಂದು ಕಡೆಯದು ಅಂದಾಜು. ಸೆರೆಸಿಕ್ಕ ಗಾಜಿಗಳನ್ನು ಡಜನುಗಟ್ಟಲೆ ಶಾ ಶುಜಾನ ಅಪ್ಪಣೆಯ ಮೇಲೆ ಕಡಿದರು. ಆಗಸ್ಟ್ 7ರಂದು ಅವನು ಕಾಬೂಲನ್ನು ಹೊಕ್ಕ. ಮೂವತ್ತು ವರ್ಷದ ಮೇಲೆ ಮರಳಿದ ದೊರೆಯನ್ನು ನೋಡಲು ಜನ ಬೀದಿಯಲ್ಲಿ ನಿಂತರು, ಜೈಕಾರ ಮಾತ್ರ ಹಾಕಲಿಲ್ಲ.

ಮುಂದಿನ ಎರಡು ವರ್ಷದ ಕಥೆಯನ್ನು ಬೇಗ ಮುಗಿಸುತ್ತೇನೆ. ಪರದೇಶದ ಬಂದೂಕಿನ ಬಲದ ಮೇಲೆ ಕೂತ ಅರಸನಿಗೆ ಆ ಬಂದೂಕು ಇಲ್ಲದೆ ಕೂರಲು ಬರುವುದಿಲ್ಲ. ಹಾಗಾಗಿ ಸೈನ್ಯ ವಾಪಸು ಹೋಗುವ ಹಾಗಿಲ್ಲ. ಸೈನ್ಯ ಕೂತಷ್ಟೂ ಖರ್ಚು. ಪೇಟೆಯಲ್ಲಿ ಧಾನ್ಯದ ಬೆಲೆ ಏರಿ ಬಡವರ ಶಾಪ. ಖರ್ಚು ತಗ್ಗಿಸಬೇಕೆಂದು 1841ರಲ್ಲಿ, ಕಣಿವೆ ಕಾಯುವುದಕ್ಕೆ ಘಿಲ್ಜಾಯಿ ಪಂಗಡದವರಿಗೆ ಕೊಡುತ್ತಿದ್ದ ಎಂಬತ್ತು ಸಾವಿರ ರೂಪಾಯಿಯನ್ನು ನಲವತ್ತಕ್ಕೆ ಇಳಿಸಿದರು. ಕಾವಲುಗಾರನ ಸಂಬಳ ಅರ್ಧ ಮಾಡಿ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ! ಅವರು ಕಣಿವೆ ಮುಚ್ಚಿದರು. ನವೆಂಬರ್ 2ರಂದು ಕಾಬೂಲಿನಲ್ಲಿ ದಂಗೆಯೆದ್ದು ಬರ್ನ್ಸ್ ಕೊಲೆಯಾದ. ಡಿಸೆಂಬರ್ 23ರಂದು ಕಂಪನಿಯ ಮುಖ್ಯ ಪ್ರತಿನಿಧಿ ಮ್ಯಾಕ್ನಾಟನ್‌ನನ್ನು ದೋಸ್ತ್ ಮಹಮ್ಮದನ ಮಗ ಅಕ್ಬರ್ ಖಾನ್ ಸಂಧಾನಕ್ಕೆ ಕರೆದು ಕೊಂದ.

1842ರ ಜನವರಿ 6ರಂದು ಕಾಬೂಲಿನ ದಂಡುಪ್ರದೇಶದಿಂದ ಹೊರಟವರು ಸುಮಾರು ಹದಿನಾರೂವರೆ ಸಾವಿರ ಜನ. ಇದರಲ್ಲಿ ಬಿಳಿಯ ಸೈನಿಕರು ಏಳುನೂರರಷ್ಟು. ಭಾರತದ ಸಿಪಾಯಿಗಳು 3,800. ಉಳಿದ ಹನ್ನೆರಡು ಸಾವಿರ ಜನ ಹಿಂಬಾಲಕರು, ಅವರಲ್ಲಿ ಹೆಂಗಸರು, ಎಳೆಮಕ್ಕಳೂ ಇದ್ದರು. ಅಂದರೆ ಅಲ್ಲಿ ಹೊರಟಿದ್ದು ಒಂದು ಸೈನ್ಯವಲ್ಲ, ಒಂದು ಊರು. ಜಲಾಲಾಬಾದ್‌ಗೆ ಸುಮಾರು ತೊಂಬತ್ತು ಮೈಲಿ. ಮೊಣಕಾಲಿನವರೆಗೆ ಹಿಮ. ಮೊದಲ ರಾತ್ರಿಯೇ ಡೇರೆಯಿಲ್ಲ, ಊಟವಿಲ್ಲ, ಉರುವಲಿಲ್ಲ. ಸಿಪಾಯಿಗಳಲ್ಲಿ ಬಹುಪಾಲು ಅವಧ್ ಮತ್ತು ಬಿಹಾರದ ಬಯಲುಸೀಮೆಯವರು, ಹಿಮ ಅಂದರೆ ಏನೆಂದು ಅರಿಯದವರು. ಮೈಮೇಲಿನ ಬಟ್ಟೆಯನ್ನೇ ಸುಟ್ಟು ಒಂದಿಷ್ಟು ಹೊತ್ತು ಕಾಯಿಸಿಕೊಂಡರು.

ಹೆರಾತ್ ಮುತ್ತಿಗೆಯ ಕಾಲದಿಂದಲೂ ಆ ನಾಡನ್ನು ಬಲ್ಲ ಎಲ್ಡ್ರೆಡ್ ಪಾಟಿಂಜರ್ ಎಂಬ ಅಧಿಕಾರಿ ಹೊರಡುವ ಮೊದಲೇ ಒಂದು ಸಲಹೆ ಕೊಟ್ಟಿದ್ದ. ಕುದುರೆಗಳ ಹಳೆಯ ಕಂಬಳಿಗಳನ್ನು ಹರಿದು ಪಟ್ಟಿ ಮಾಡಿ, ಅಫಘಾನರು ಸುತ್ತಿಕೊಳ್ಳುವ ಹಾಗೆ ಸಿಪಾಯಿಗಳ ಕಾಲಿಗೆ ಸುತ್ತಿಸಿ ಎಂದು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಮ ಕಚ್ಚಿ ಕಾಲು ಕಪ್ಪಾಗಿ ಕೊರಡಿನಂತಾದವರು ನಡೆಯಲಾರದೆ ಅಲ್ಲಲ್ಲೇ ಕೂತರು. ಕೂತವರು ಏಳಲಿಲ್ಲ. ಫಿರಂಗಿ, ರಾಜಕಾರಣ, ರಷ್ಯಾ ಎಲ್ಲ ದೊಡ್ಡ ಮಾತಾಯಿತು. ಒಂದು ತುಂಡು ಹಳೇ ಕಂಬಳಿಯಲ್ಲಿ ಉಳಿಯಬಹುದಾಗಿದ್ದ ಜೀವಗಳು ಎಷ್ಟಿದ್ದವೋ. ಈ ಯುದ್ಧದ ಬಗ್ಗೆ ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ ಸಂಗತಿ ಈ ಕಂಬಳಿಯದು.

ಜನವರಿ 8ರಂದು ಖುರ್ದ್ ಕಾಬೂಲ್ ಕಣಿವೆ. ಐದು ಮೈಲಿ ಉದ್ದದ ಇಕ್ಕಟ್ಟು ಸಂದಿ, ಎರಡೂ ಕಡೆ ಗುಡ್ಡದ ಮೇಲಿಂದ ಗುಂಡಿನ ಮಳೆ. ಅಂದು ಒಂದೇ ದಿನ ಸತ್ತವರು ಸುಮಾರು ಮೂರು ಸಾವಿರ, ಅದರಲ್ಲಿ ಎರಡೂವರೆ ಸಾವಿರ ಹಿಂಬಾಲಕರು. ಮರುದಿನ ಇಂಗ್ಲಿಷ್ ಹೆಂಗಸರನ್ನೂ ಮಕ್ಕಳನ್ನೂ ಅಕ್ಬರ್ ಖಾನನ ವಶಕ್ಕೆ ಒಪ್ಪಿಸಿದರು, ಅವರ ಜೀವ ಉಳಿಯಿತು. ಸಿಪಾಯಿಗಳ, ಅಡಿಗೆಯವರ ಹೆಂಡಿರು ಮಕ್ಕಳನ್ನು ಒಪ್ಪಿಸಿಕೊಳ್ಳುವವರು ಯಾರೂ ಇರಲಿಲ್ಲ. 10ರ ಸಂಜೆಗೆ ಸಿಪಾಯಿಗಳ ಪಡೆ ಎಂಬುದೇ ಉಳಿದಿರಲಿಲ್ಲ. 13ರಂದು ಗಂದಮಕ್ ಗುಡ್ಡದ ಮೇಲೆ ಕೊನೆಯ ಬಿಳಿಯ ತುಕಡಿ ಮುಗಿಯಿತು. ಅದೇ ಮಧ್ಯಾಹ್ನ ಡಾ. ವಿಲಿಯಂ ಬ್ರೈಡನ್ ಎಂಬ ಸೈನ್ಯದ ವೈದ್ಯ ಒಬ್ಬನೇ ಕುದುರೆಯ ಮೇಲೆ ಜೋಲಾಡುತ್ತ ಜಲಾಲಾಬಾದ್ ಕೋಟೆ ಮುಟ್ಟಿದ. ಕೋಟೆಯವರು ಮುಂದೆ ಹಲವು ರಾತ್ರಿ ಬಾಗಿಲಲ್ಲಿ ದೀಪ ತೂಗುಹಾಕಿ, ಕಹಳೆ ಊದಿದರು.

ಹದಿನಾರು ಸಾವಿರದಲ್ಲಿ ಬದುಕಿದವನು ಒಬ್ಬನೇ ಎಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. 1879ರಲ್ಲಿ ಲೇಡಿ ಬಟ್ಲರ್ ಬರೆದ ಪ್ರಸಿದ್ಧ ಚಿತ್ರವೂ ಅದನ್ನೇ ಹೇಳುತ್ತದೆ. ಅದು ನಿಜವಲ್ಲ. ನೂರರಷ್ಟು ಇಂಗ್ಲಿಷರು ಸೆರೆಯಲ್ಲಿದ್ದು 1842ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದರು. ಮುಂದಿನ ದಿನಗಳಲ್ಲಿ ಒಬ್ಬಿಬ್ಬರು ಸಿಪಾಯಿಗಳೂ ಜಲಾಲಾಬಾದಿಗೆ ಬಂದು ಸೇರಿದರು. ಬ್ರೈಡನ್ ಬದುಕಿದ್ದಾದರೂ ಹೇಗೆ? ಅವನ ಕುದುರೆ ಹೋದಮೇಲೆ, ಗಾಯಗೊಂಡು ಸಾಯುತ್ತಿದ್ದ ಸವಾರನೊಬ್ಬ ತನ್ನ ತಟ್ಟನ್ನು ಅವನಿಗೆ ಕೊಟ್ಟು ಪ್ರಾಣ ಬಿಟ್ಟ. ಬ್ರೈಡನ್ ಯಾರು, ಟೋಪಿಯೊಳಗೆ ಯಾವ ಪತ್ರಿಕೆ ಮಡಿಚಿಟ್ಟುಕೊಂಡಿದ್ದ, ಅದು ಕತ್ತಿಯೇಟನ್ನು ಹೇಗೆ ತಡೆಯಿತು ಎಂಬುದೆಲ್ಲ ಇತಿಹಾಸದಲ್ಲಿದೆ. ತಟ್ಟು ಕೊಟ್ಟವನ ಹೆಸರು ಇಲ್ಲ.

ಭಾರತದವರಲ್ಲಿ ಬದುಕಿದವರು ಏನಾದರು? ಹಲವರು ಗುಲಾಮರಾಗಿ ಮಾರಾಟವಾದರು. ಹಲವರು ಹಿಮಕ್ಕೆ ಕೈಕಾಲು ಕಳೆದುಕೊಂಡು ಕಾಬೂಲಿನ ಬೀದಿಯಲ್ಲಿ ಭಿಕ್ಷೆ ಬೇಡಿದರು. ಆ ಶರತ್ಕಾಲದಲ್ಲಿ ಜನರಲ್ ಪೊಲಾಕ್‌ನ ಸೈನ್ಯ ಸೇಡು ತೀರಿಸಲು ಹೋದಾಗ ಇಂಥ ನೂರಾರು ಜನ ಸಿಕ್ಕರು. ಸೆರೆಯಲ್ಲಿದ್ದ ಲೇಡಿ ಸೇಲ್, ವಿನ್ಸೆಂಟ್ ಐರ್ ಇವರ ದಿನಚರಿಗಳು 1843ರಲ್ಲೇ ಅಚ್ಚಾಗಿ ಲಂಡನ್ನಿನಲ್ಲಿ ಮನೆಮಾತಾದವು. ಸಿಪಾಯಿಯ ಬಾಯಿಂದ ಬಂದದ್ದು ಎನ್ನುವ ಪುಸ್ತಕ ಒಂದಿದೆ, ಸೀತಾರಾಮ್ ಪಾಂಡೆ ಎಂಬುವನದು. ಕಾಬೂಲಿನಲ್ಲಿ ಗುಲಾಮನಾಗಿ ಮಾರಾಟವಾಗಿ, ತಪ್ಪಿಸಿಕೊಂಡು ಊರಿಗೆ ಬಂದರೆ ಜಾತಿ ಕೆಟ್ಟವನೆಂದು ಸ್ವಂತ ಜನರೇ ದೂರ ಇಟ್ಟರು ಎಂದು ಅದರಲ್ಲಿದೆ. ಆದರೆ ಮೂಲ ಕೈಬರಹ ಸಿಕ್ಕಿಲ್ಲ, ಇರುವುದು ನಾರ್ಗೇಟ್ ಎಂಬ ಅಧಿಕಾರಿಯ ಇಂಗ್ಲಿಷ್ ಅನುವಾದ. ಹಾಗಾಗಿ ಅದು ನಿಜವಾಗಿ ಸಿಪಾಯಿಯೇ ಹೇಳಿದ್ದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಅನುಮಾನವಿದೆ. ಅಷ್ಟು ಸಾವಿರ ಜನರ ಪಾಲಿಗೆ ಉಳಿದಿರುವ ಒಂದು ದನಿ, ಅದೂ ಅನುಮಾನದ್ದು!

ನನ್ನ ಓದುಗರಲ್ಲಿ ಹಲವರು ಕೊಲ್ಲಿ ದೇಶಗಳಲ್ಲಿ ಮಕ್ಕಳನ್ನೋ ತಮ್ಮಂದಿರನ್ನೋ ಇಟ್ಟುಕೊಂಡವರು. ಅವರಿಗೆ 2004 ನೆನಪಿರಬೇಕು. ಸದ್ದಾಂನನ್ನು ಇಳಿಸುವುದಕ್ಕೆಂದು 2003ರಲ್ಲಿ ಶುರುವಾದ ಯುದ್ಧದ ಎರಡನೆಯ ವರ್ಷ. ಕುವೈತಿನ ಕಂಪನಿಯೊಂದರ ಲಾರಿ ನಡೆಸುತ್ತಿದ್ದ ಮೂವರು ಭಾರತೀಯರನ್ನು ಇರಾಕಿನಲ್ಲಿ ಅಪಹರಿಸಿದಾಗ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಅವರು ಬಿಡುಗಡೆಯಾಗಿ ಬಂದರು. ಅದೇ ಆಗಸ್ಟಿನಲ್ಲಿ, ಅಡಿಗೆ, ಕಸಗುಡಿಸುವ ಕೆಲಸಕ್ಕೆಂದು ಹೋಗಿದ್ದ ಹನ್ನೆರಡು ಜನ ನೇಪಾಳಿ ಹುಡುಗರು ಬರಲಿಲ್ಲ, ಅವರನ್ನು ಕೊಂದರು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಹೆಸರು, ವಯಸ್ಸು, ಊರು ಎಲ್ಲ ಪಟ್ಟಿಯಾಗಿದೆ. ಸತ್ತ ಇರಾಕಿಗಳು ಎಷ್ಟು ಎಂದರೆ ಇಂದಿಗೂ ಒಂದು ಅಂದಾಜಿಗೂ ಇನ್ನೊಂದಕ್ಕೂ ಲಕ್ಷಗಳ ಅಂತರ.

ಮತ್ತೆ ಕಾಬೂಲಿಗೆ ಬರೋಣ. ಪೊಲಾಕ್‌ನ ಸೈನ್ಯ ದಾರಿಯುದ್ದಕ್ಕೂ ಹಳ್ಳಿ ಸುಟ್ಟಿತು, ಹಣ್ಣಿನ ಮರಗಳ ತೊಗಟೆ ಸುಲಿದು ಒಣಗಿಸಿತು. ಇಸ್ತಾಲಿಫ್ ಎಂಬ ಚಂದದ ಊರನ್ನು ಲೂಟಿ ಮಾಡಿತು. ಅಕ್ಟೋಬರಿನಲ್ಲಿ ಕಾಬೂಲಿನ ಹೆಸರಾಂತ ಚಾರ್ ಛತ್ತಾ ಬಜಾರನ್ನು ಮದ್ದಿಟ್ಟು ಉಡಾಯಿಸಿತು. ಬಜಾರಿನ ಅಂಗಡಿಕಾರರಲ್ಲಿ ಹಿಂದೂ ವ್ಯಾಪಾರಿಗಳೂ ಇದ್ದರು; ಯಾರದೋ ಸೇಡು, ಯಾರದೋ ಅಂಗಡಿ. ಅಫಘಾನರಲ್ಲಿ ಎಷ್ಟು ಜನ ಸತ್ತರು ಎಂದು ಕಂಪನಿ ಲೆಕ್ಕ ಇಡಲಿಲ್ಲ.

ದುಡ್ಡಿನ ಲೆಕ್ಕ ಮಾತ್ರ ಇಟ್ಟಿತು. ಸುಮಾರು ಒಂದೂವರೆ ಕೋಟಿ ಪೌಂಡ್ ಎಂದು ಹೇಳುತ್ತಾರೆ. ಆ ಹೊರೆ ಬಿದ್ದದ್ದು ಭಾರತದ ಬೊಕ್ಕಸದ ಮೇಲೆ. ಆಗ ಧಾರವಾಡ, ಬೆಳಗಾವಿ ಎಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿಯ ನಮ್ಮ ಹಿರಿಯರು, ಕಾಬೂಲು ಯಾವ ದಿಕ್ಕಿಗಿದೆ ಎಂದು ತಿಳಿಯದವರು, ಜೋಳ ಮಾರಿ ಹತ್ತಿ ಮಾರಿ ಕಟ್ಟಿದ ಕಂದಾಯವೂ ಅದೇ ಬೊಕ್ಕಸಕ್ಕೆ ಹೋಗಿತ್ತು. ಇಂಗ್ಲೆಂಡಿನ ರಾಜಕೀಯಕ್ಕಾಗಿ ನಡೆದ ಯುದ್ಧದ ಖರ್ಚನ್ನು ಭಾರತ ಯಾಕೆ ಹೊರಬೇಕು ಎಂದು ಮುಂದೆ ದಾದಾಭಾಯಿ ನವರೋಜಿ ಕೇಳುತ್ತಲೇ ಬಂದರು.

ಹೊಸ ಗವರ್ನರ್ ಜನರಲ್ ಎಲೆನ್‌ಬರೋಗೆ ಈ ಅವಮಾನವನ್ನು ಗೆಲುವೆಂದು ತೋರಿಸಬೇಕಿತ್ತು. ಘಜ್ನಿ ಮಹಮ್ಮದನ ಗೋರಿಯ ಬಾಗಿಲುಗಳನ್ನು ಕಿತ್ತು, ‘ಇವು ಸೋಮನಾಥ ದೇವಾಲಯದ ಬಾಗಿಲು, ಮರಳಿ ತಂದಿದ್ದೇವೆ’ ಎಂದು ಭಾರತದ ರಾಜರಿಗೆಲ್ಲ ಘೋಷಣೆ ಹೊರಡಿಸಿದ. ಆಮೇಲೆ ನೋಡಿದರೆ ಅದು ದೇವದಾರು ಮರದ್ದು, ಕೆತ್ತನೆ ಅಲ್ಲಿಯದ್ದೇ, ಸೋಮನಾಥಕ್ಕೂ ಅದಕ್ಕೂ ಸಂಬಂಧವಿಲ್ಲ. ಸಿಪಾಯಿಗಳ ಮೂಳೆಗಳು ಕಣಿವೆಯಲ್ಲಿ ಹಾಗೇ ಹರಡಿ ಬಿದ್ದಿದ್ದವು, ಮರದ ಬಾಗಿಲು ಮಾತ್ರ ಜೋಪಾನವಾಗಿ ಬಂತು. ಆಗ್ರಾ ಕೋಟೆಗೆ ಹೋದವರು ಅದನ್ನು ಈಗಲೂ ನೋಡಬಹುದು.

ಪಟ್ಟದ ವಿಷಯ ಹೇಳುವುದು ಉಳಿಯಿತು. ಶಾ ಶುಜಾನನ್ನು 1842ರ ಏಪ್ರಿಲಿನಲ್ಲೇ ಕೊಂದಿದ್ದರು. 1840ರಲ್ಲಿ ಶರಣಾಗಿ ಭಾರತದಲ್ಲಿ ಸೆರೆಯಲ್ಲಿದ್ದ ದೋಸ್ತ್ ಮಹಮ್ಮದನನ್ನು ಕಂಪನಿ ಬಿಟ್ಟುಕೊಟ್ಟಿತು. 1843ರಲ್ಲಿ ಅವನು ಕಾಬೂಲಿಗೆ ಮರಳಿ ಅದೇ ಗಾದಿಯ ಮೇಲೆ ಕೂತ. 1855ರಲ್ಲಿ ಕಂಪನಿ ಅವನೊಂದಿಗೆ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿತು. 1863ರಲ್ಲಿ ಸಾಯುವವರೆಗೂ ಅವನೇ ಆಳಿದ.